ಬೀಗ ಹಾಕಿದ ಮನೆಗಳ ಲೆಕ್ಕ

ಶಾಲೆಗಳಿಗೆ ‘ಪ್ರಾಜೆಕ್ಟ್’ ಎಂಬ ಶಬ್ದ ಬಂದು ಬಹಳ ವರ್ಷಗಳಾದವು. ಶಬ್ದ ಬಂದಷ್ಟು ಬೇಗ ಅದರ ಅರ್ಥ ಬರಲಿಲ್ಲ. ಸಮಾಜ ವಿಜ್ಞಾನದ ಪ್ರಾಜೆಕ್ಟ್ ಎಂದರೆ ಅಂಗಡಿಯಲ್ಲಿ ಸಿಗುವ ಚಿತ್ರಗಳ ಹಾಳೆ ತಂದು, ಕತ್ತರಿಸಿ, ಡ್ರಾಯಿಂಗ್ ಹಾಳೆಗೆ ಅಂಟಿಸಿ, ಸ್ಕೆಚ್ ಪೆನ್ನಿನಿಂದ ಅಂಚು ಬಿಡಿಸುವುದು ಎಂದೇ ಮಕ್ಕಳೂ ತಿಳಿದಿದ್ದಾರೆ, ಪಾಲಕರೂ ತಿಳಿದಿದ್ದಾರೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಓಡಿ ಬಂದು ‘ರಾಷ್ಟ್ರಕೂಟರ ಚಾರ್ಟ್ ಅದ ಏನ್ರಿ?’ ಎಂದು ಕೇಳುವ ತಂದೆಯರನ್ನು ಸೇಡಂ ಪೇಟೆಯಲ್ಲಿ ಕಂಡಿದ್ದೇನೆ. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಮಳಖೇಡ, ಅದೇ ಪೇಟೆಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಲ್ಲಿಗೆ ಹೋಗಿ ಬಂದವರು ಮಾತ್ರ ಕಡಿಮೆ.

ವಿಜ್ಞಾನ ಕಲಿಸುವ ಮಾಸ್ತರನಿಗೆ ಸಮಾಜ ವಿಜ್ಞಾನದ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. 1993ರಿಂದ ನಡೆದು ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ಬಲ್ಲವರು ಹಾಗೆ ಕೇಳುವುದಿಲ್ಲ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಪ್ರಶ್ನೆಯನ್ನು ಆರಿಸಿಕೊಂಡು, ಅಳೆದು, ಎಣಿಸಿ, ವರದಿ ಬರೆಯುವ ಕಾರ್ಯಕ್ರಮ ಅದು. ನೀರಿನ ಗಡಸುತನ ಅಳೆಯಲು ಹೊರಟ ಹುಡುಗರು ಕೊನೆಗೆ ಯಾರದಾದರೂ ಮನೆಯ ಬಾಗಿಲು ತಟ್ಟಲೇಬೇಕು. ಬಾಗಿಲು ತೆರೆದ ಕೂಡಲೇ ರಸಾಯನ ವಿಜ್ಞಾನ ಮುಗಿಯಿತು. ಬ್ಯುರೆಟ್ಟಿಗೆ ಸಂಕೋಚವಿಲ್ಲ, ಅಂಜಿಕೆಯಿಲ್ಲ, ಸಾಲವಿಲ್ಲ. ಮನುಷ್ಯರಿಗೆ ಮೂರೂ ಇರುತ್ತವೆ. ಆದ್ದರಿಂದ ಜನರನ್ನು ಕೇಳಿ ತಿಳಿಯುವ ವಿದ್ಯೆ ನಮ್ಮ ಪ್ರಯೋಗಶಾಲೆಯ ವಿದ್ಯೆಗಿಂತ ಸುಲಭದ್ದು ಎಂದು ಯಾರೂ ಭಾವಿಸಬಾರದು.

ಮೊದಲು ಯಾವ ತಿಂಗಳಲ್ಲಿ ಹೋಗಬೇಕು ಎಂಬುದನ್ನೇ ನೋಡೋಣ. ನಮ್ಮ ಕಡೆ ತೊಗರಿ ಬಿತ್ತುವುದು ಜೂನ್-ಜುಲೈನಲ್ಲಿ. ರಾಶಿ ಆಗುವುದು ಡಿಸೆಂಬರ್-ಜನವರಿಗೆ. ರಾಶಿ ಮುಗಿಯಿತೆಂದರೆ ಚಿಂಚೋಳಿಯ ತಾಂಡಾಗಳಿಂದ, ಸೇಡಂ ಚಿತ್ತಾಪುರದ ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಹೈದರಾಬಾದಿಗೆ, ಕೆಲವರು ವಾಡಿ ಜಂಕ್ಷನ್ನಿನಲ್ಲಿ ರೈಲು ಹಿಡಿದು ಪುಣೆ, ಮುಂಬಯಿಗೆ. ಶಾಲೆಗಳಲ್ಲಿ ಪ್ರಾಜೆಕ್ಟ್ ನೆನಪಾಗುವುದೂ ಸರಿಯಾಗಿ ಆಗಲೇ, ವಾರ್ಷಿಕ ಪರೀಕ್ಷೆಗೆ ಮುಂಚೆ. ಮಕ್ಕಳು ಹಾಳೆ ಹಿಡಿದು ಹೋಗುತ್ತಾರೆ. ಐವತ್ತು ಮನೆಗಳಲ್ಲಿ ಹದಿನೈದಕ್ಕೆ ಬೀಗ ಎಂದಿಟ್ಟುಕೊಳ್ಳಿ. ಅವರು ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ, ಹಾಳೆ ತುಂಬಿಸಿ, ‘ನಮ್ಮ ಊರಿನಲ್ಲಿ ಗುಳೆ ಹೋಗುವವರು ಕಡಿಮೆ’ ಎಂದು ಬರೆದು ತರುತ್ತಾರೆ. ಮನೆಯಲ್ಲಿ ಇದ್ದವರನ್ನು ಮಾತ್ರ ಕೇಳಿದರೆ ಹೋದವರು ಹೇಗೆ ಲೆಕ್ಕಕ್ಕೆ ಸಿಕ್ಕಾರು?

ಬೀಗ ಹಾಕಿದ ಆ ಮನೆಗಳೇ ಈ ಸಮೀಕ್ಷೆಯ ಮುಖ್ಯ ಮನೆಗಳು. ಅವುಗಳನ್ನು ಬಿಡದೆ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ನೆರೆಯವರನ್ನು ಎಷ್ಟು ಜನ ಹೋದರು, ಯಾವಾಗ ಹೋದರು, ಯಾವಾಗ ಬರುತ್ತಾರೆ ಎಂದಷ್ಟೇ ಕೇಳಬೇಕು. ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ಹೋಗಬೇಕು, ಏಕೆಂದರೆ ಕೆಲವು ಬೀಗಗಳು ಹೊಲಕ್ಕೆ ಹೋದವರವು, ಸಂಜೆಗೆ ತೆರೆಯುತ್ತವೆ. ಸಾಧ್ಯವಾದರೆ ಶ್ರಾವಣದಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಎಣಿಸಿ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಬೇಕು. ಭಾರತದ ಜನಗಣತಿ ಕೂಡ ಈ ತೊಡಕನ್ನು ಬಲ್ಲದು. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಎಣಿಸಿ, 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಿ, ಮಾರ್ಚ್ 1ರಿಂದ 5ರವರೆಗೆ ಮತ್ತೊಂದು ಸುತ್ತು ಹೋಗಿ ಹುಟ್ಟು ಸಾವುಗಳನ್ನು ಸರಿಪಡಿಸಿಕೊಂಡರು.

ಎರಡನೆಯದು ಪ್ರಶ್ನೆಯ ಮಾತು. ‘ನೀವು ಕೆಲಸ ಮಾಡ್ತೀರೇನ್ರಿ ಅಮ್ಮಾ?’ ಎಂದು ಕೇಳಿ ನೋಡಿ. ‘ಇಲ್ಲಪ್ಪ, ಮನ್ಯಾಗೇ ಇರ್ತೀನಿ’ ಎಂಬ ಉತ್ತರ ಬರುತ್ತದೆ. ಆ ತಾಯಿ ಆಗ ತಾನೇ ಹೊಲದಲ್ಲಿ ಕಳೆ ತೆಗೆದು ಬಂದು, ಎಮ್ಮೆಗೆ ಮೇವು ಹಾಕಿ, ಕೈ ತೊಳೆಯುತ್ತಿರುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಕೂಲಿ ಬಂದರೆ ಮಾತ್ರ ಕೆಲಸ ಎಂದು ಲೋಕ ಅವಳಿಗೆ ಕಲಿಸಿದೆ. ಇದು ನಮ್ಮ ಊರಿನ ಹೆಣ್ಣುಮಕ್ಕಳ ಮಾತಷ್ಟೇ ಅಲ್ಲ. ದೇಶದ ಗಣತಿಯಲ್ಲಿ ಹೀಗೆ ಹೆಂಗಸರ ದುಡಿಮೆ ಬಿಟ್ಟುಹೋಗುತ್ತಿದೆ ಎಂದು ತಿಳಿದವರು ಬಹಳ ಕಾಲ ವಾದಿಸಿದ ಮೇಲೆ, 1991ರ ಜನಗಣತಿಯ ಪ್ರಶ್ನೆಗೆ ‘ಸ್ವಂತ ಹೊಲದಲ್ಲಿ ಅಥವಾ ಮನೆಯ ಉದ್ಯೋಗದಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿ’ ಎಂಬ ಅರ್ಥದ ಮಾತುಗಳನ್ನು ಕೂಡಿಸಲಾಯಿತು.

ಇನ್ನೊಂದು ದಾರಿ ಸಮಯವನ್ನೇ ಅಳೆಯುವುದು. ನಿನ್ನೆ ಎಷ್ಟು ಗಂಟೆಗೆ ಎದ್ದಿರಿ, ಆಮೇಲೆ ಏನು, ಅದಾದ ಮೇಲೆ ಏನು ಎಂದು ಮಲಗುವವರೆಗೆ ಕೇಳುತ್ತಾ ಹೋಗುವುದು. 1998-99ರಲ್ಲಿ ಆರು ರಾಜ್ಯಗಳಲ್ಲಿ ಈ ಬಗೆಯ ಸಮೀಕ್ಷೆ ಆಯಿತು, ಅದರಲ್ಲಿ ಕರ್ನಾಟಕ ಇರಲಿಲ್ಲ. 2019ರಲ್ಲಿ ಇಡೀ ದೇಶಕ್ಕೆ ಮಾಡಿದರು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಾರೆಂದು ಕಂಡುಬಂತು. ಎಂಟನೆಯ ತರಗತಿಯ ಮಗು ಇದನ್ನು ತನ್ನ ಮನೆಯಲ್ಲಿಯೇ ಮಾಡಬಹುದು. ಒಂದು ಭಾನುವಾರ ಬೆಳಗಿನಿಂದ ರಾತ್ರಿಯವರೆಗೆ ಅರ್ಧ ತಾಸಿಗೊಮ್ಮೆ ಅವ್ವ ಏನು ಮಾಡುತ್ತಿದ್ದಾಳೆ, ಅಪ್ಪ ಏನು ಮಾಡುತ್ತಿದ್ದಾನೆ, ತಾನೇನು ಮಾಡುತ್ತಿದ್ದೇನೆ ಎಂದು ಬರೆದಿಟ್ಟರೆ ಸಾಕು. ಖರ್ಚಿಲ್ಲ, ಚಾರ್ಟ್ ಬೇಡ. ಆ ಹಾಳೆಯನ್ನು ಓದಿದ ಅಪ್ಪಂದಿರಿಗೆ ಸ್ವಲ್ಪ ಕಸಿವಿಸಿಯಾಗಬಹುದು. ಅದಕ್ಕೆ ನಾನು ಹೊಣೆಯಲ್ಲ!

ಭೌತ ವಿಜ್ಞಾನ ಓದಿದವರಿಗೆ ಸ್ಕ್ರೂಗೇಜಿನ ಶೂನ್ಯ ದೋಷ ಗೊತ್ತು. ಅಳೆಯುವ ಮೊದಲೇ ಉಪಕರಣದಲ್ಲಿ ಎಷ್ಟು ತಪ್ಪಿದೆ ಎಂದು ನೋಡಿಕೊಂಡು ಅದನ್ನು ಕಳೆಯುತ್ತೇವೆ. ಪ್ರಶ್ನೆಗೂ ಶೂನ್ಯ ದೋಷವಿದೆ. ‘ನಿಮ್ಮ ಮನೆಯಲ್ಲಿ ಶೌಚಾಲಯ ಇದೆಯೇ?’ ಎಂದರೆ ಇದೆ ಎನ್ನುತ್ತಾರೆ. ಇರುವುದೂ ನಿಜವೇ. ಒಳಗೆ ಕುಳ್ಳು ಕಟ್ಟಿಗೆ ತುಂಬಿರುವುದೂ ನಿಜವೇ. ‘ಇವತ್ತು ಮುಂಜಾನೆ ಮನೆಯಲ್ಲಿ ಯಾರು ಯಾರು ಅದನ್ನು ಬಳಸಿದರು?’ ಎಂದು ಕೇಳಿದರೆ ಉತ್ತರ ಬೇರೆ. ತರಗತಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲ ಪ್ರಶ್ನೆ, ಇನ್ನೊಂದಕ್ಕೆ ಎರಡನೆಯ ಪ್ರಶ್ನೆ ಕೊಟ್ಟು, ಒಂದೇ ತರಹದ ಓಣಿಗಳಿಗೆ ಕಳಿಸಿ ನೋಡಿ. ಎರಡು ಉತ್ತರಗಳ ನಡುವಿನ ಅಂತರ ಎಷ್ಟು ಎಂಬುದೇ ಒಂದು ಒಳ್ಳೆಯ ಪ್ರಾಜೆಕ್ಟ್.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. ಸೇಡಂ, ಚಿಂಚೋಳಿಯ ಗಡಿಯ ಮನೆಗಳಲ್ಲಿ ತೆಲುಗು, ಪೇಟೆಯಲ್ಲಿ ಉರ್ದು, ತಾಂಡಾದಲ್ಲಿ ಲಂಬಾಣಿ, ವಾಡಿಯ ರೈಲ್ವೆ ಮನೆಗಳಲ್ಲಿ ಇನ್ನೂ ಹತ್ತು ಬಗೆ. ಪಠ್ಯಪುಸ್ತಕದ ಕನ್ನಡದಲ್ಲಿ ‘ತಮ್ಮ ಕುಟುಂಬದ ವಾರ್ಷಿಕ ಆದಾಯವೆಷ್ಟು?’ ಎಂದು ಕೇಳಿದರೆ ಹುಟ್ಟುಗನ್ನಡದ ರೈತನೂ ಮುಖ ನೋಡುತ್ತಾನೆ. ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಬಾಯಿ ಬಿಡದೆ ಕೂರುವ ತಾಂಡಾದ ಹುಡುಗಿ ಇಂಥ ಕೆಲಸದಲ್ಲಿ ತಂಡದ ಮುಂದಾಳಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅಲ್ಲಿ ಮಾತು ಬಲ್ಲವಳು ಅವಳೇ, ಉಳಿದವರಿಗೆ ಅವಳು ಹೇಳಬೇಕು. ಮಾಸ್ತರರು ಅದನ್ನು ಗಮನಿಸಿ ಅಂಕಪಟ್ಟಿಯಲ್ಲಿ ಬರೆದರೆ ಒಳ್ಳೆಯದು.

ಪಾಲಕರಿಗೆ ಇದರಲ್ಲಿ ಎರಡು ಅಳುಕು ಇರುತ್ತವೆ. ಒಂದು ಸುರಕ್ಷಿತತೆ. ಇದು ನ್ಯಾಯವಾದದ್ದು. ಶಹಾಬಾದ್, ವಾಡಿ ಕಡೆ ನೀರು ತುಂಬಿದ ಹಳೆಯ ಫರಸಿ ಖಣಿಗಳ ಹತ್ತಿರ, ಸಿಡಿಮದ್ದು ಹಾರಿಸುವ ಕಡೆ ಮಕ್ಕಳನ್ನು ಕಳಿಸುವುದೇ ಬೇಡ. ಹಗಲು ಹೊತ್ತಿನಲ್ಲಿ, ಇಬ್ಬರು ಮೂವರು ಕೂಡಿ, ಒಬ್ಬ ಹಿರಿಯರ ಕಣ್ಣಳತೆಯಲ್ಲಿ ಹೋಗಬೇಕು. ಇನ್ನೊಂದು ಅಳುಕನ್ನು ಬಾಯಿಬಿಟ್ಟು ಹೇಳುವುದಿಲ್ಲ: ‘ನಮ್ಮ ಹುಡುಗ ಆ ಓಣಿಗೆ ಯಾಕೆ ಹೋಗಬೇಕು?’ ಹೋಗಲೇಬೇಕು, ತಾಯಂದಿರೆ. ಒಂದು ಓಣಿ ಬಿಟ್ಟ ಸಮೀಕ್ಷೆ ಊರಿನ ಸಮೀಕ್ಷೆಯಲ್ಲ. ಎಲ್ಲ ಓಣಿಯ ಮಕ್ಕಳನ್ನು ಬೆರೆಸಿ ತಂಡ ಮಾಡಬೇಕು. ಯಾವ ತಂಡ ಯಾವ ಓಣಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಕೊಟ್ಟ ನೀರು ಕುಡಿಯಬೇಕು.

ಜಾತಿ ಕೇಳುವುದು ಮಾತ್ರ ಶಾಲೆಯ ಕೆಲಸಕ್ಕೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸರ್ಕಾರ ಕೇಳುವುದು ಬೇರೆ, ಅದಕ್ಕೆ ಕಾನೂನಿನ ಕಟ್ಟುಪಾಡು ಇದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಆರಂಭವಾದಾಗ ನಮ್ಮ ಶಿಕ್ಷಕರೇ ಮನೆಮನೆಗೆ ಹೋದರು. ಆಗ ಹೈಕೋರ್ಟು, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟದ್ದನ್ನು ಗುಟ್ಟಾಗಿಡಬೇಕು ಎಂದು ಹೇಳಿತು. ಸರ್ಕಾರಿ ಮೊಹರಿನೊಂದಿಗೆ ಹೋದವರಿಗೇ ಈ ನಿಯಮವಿದ್ದರೆ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಇನ್ನೂ ಬಿಗಿಯಾದ ನಿಯಮ ಇರಬೇಡವೇ? ಹೇಳಲು ಒಲ್ಲೆ ಎಂದವರಿಗೆ ಕೈಮುಗಿದು ಮುಂದಿನ ಮನೆಗೆ ಹೋಗಬೇಕು. ಒಲ್ಲೆ ಎಂದವರು ಎಷ್ಟು ಜನ ಎಂದೂ ವರದಿಯಲ್ಲಿ ಬರೆಯಬೇಕು.

ಚಿಂಚೋಳಿ ಕಡೆಯ ಒಂದು ತಾಂಡಾದಲ್ಲಿ ಒಬ್ಬ ಮುದುಕಿ ನಮ್ಮ ಹುಡುಗರನ್ನು ಕೇಳಿದಳು: ‘ಹ್ವಾದ ವರ್ಷನೂ ಬಂದಿದ್ರು, ಅದರ ಹಿಂದಿನ ವರ್ಷನೂ ಬಂದಿದ್ರು. ಎಲ್ಲಾರೂ ಬರಕೊಂಡು ಹೋಗ್ತಾರ. ನೀವು ಏನ್ ಕೊಡ್ತೀರಿ?’ ಒಬ್ಬ ಹುಡುಗ ಮನೆ ಮಂಜೂರಾಗುತ್ತದೆ ಎನ್ನಲು ಬಾಯಿ ತೆರೆದಿದ್ದ, ಜೊತೆಗಿದ್ದ ಹುಡುಗಿ ತಡೆದಳು. ‘ಏನೂ ಕೊಡಂಗಿಲ್ಲ ಆಯಿ, ಇದು ನಮ್ಮ ಸಾಲಿ ಅಭ್ಯಾಸ. ಬರದದ್ದು ಏನಂತ ನಿಮಗ ಬಂದು ಓದಿ ಹೇಳ್ತೀವಿ’ ಎಂದಳು. ಮುದುಕಿ ಕೂಡ್ರಿ ಎಂದು ಚಾಪೆ ಹಾಸಿದಳು. ಇಲ್ಲದ ಆಸೆ ತೋರಿಸಿ ಪಡೆದ ಉತ್ತರ ಉತ್ತರವೇ ಅಲ್ಲ. ಮನೆ ಸಿಗುತ್ತದೆ ಎಂದುಕೊಂಡವರು ಇದ್ದ ಎಮ್ಮೆಯನ್ನೂ ಇಲ್ಲ ಎನ್ನುತ್ತಾರೆ.

ಓದಿ ಹೇಳುವುದು ಎಂದೆನಲ್ಲ, ಅದಕ್ಕೂ ಮೊದಲು ಹೆಸರಿನ ವಿಚಾರ. ಮೈಸೂರಿನ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ಹಲವು ತಿಂಗಳು ಇದ್ದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಹಳ್ಳಿಗೆ ‘ರಾಂಪುರ’ ಎಂಬ ಬೇರೆ ಹೆಸರು ಕೊಟ್ಟರು. ನಮ್ಮ ಭಾಗಕ್ಕೂ ಅಂಥವರು ಬಂದಿದ್ದರು. ಅಮೆರಿಕದ ಅಲನ್ ಬೀಲ್ಸ್ 1950ರ ದಶಕದ ಕೊನೆಗೆ ಆಗಿನ ಗುಲ್ಬರ್ಗಾ ಜಿಲ್ಲೆಯ ಯಾದಗಿರಿ ಕಡೆಯ ಹಳ್ಳಿಯೊಂದನ್ನು ಅಧ್ಯಯನ ಮಾಡಿ 1962ರಲ್ಲಿ ‘ಗೋಪಾಲಪುರ’ ಎಂಬ ಪುಸ್ತಕ ಬರೆದರು. ಅದೂ ಇಟ್ಟ ಹೆಸರೇ. ಊರಿನ ಜಗಳ, ಸಾಲ, ಸಂಸಾರ ಎಲ್ಲ ಪುಸ್ತಕದಲ್ಲಿ ಬಂದಾಗ ಮಾತಾಡಿದವರಿಗೆ ತೊಂದರೆ ಆಗಬಾರದಲ್ಲ. ಮಕ್ಕಳು ಹೆಸರಿನ ಬದಲು ಮನೆಗಳಿಗೆ ಅಂಕಿ ಕೊಟ್ಟರೆ ಸಾಕು. ಆದರೆ ಊರಿನಲ್ಲಿ ಬಡಿಗರ ಮನೆ ಒಂದೇ ಇದ್ದು, ‘ಬಡಿಗರ ಮನೆಯವರು ಸಾಲದಲ್ಲಿದ್ದಾರೆ’ ಎಂದು ಬರೆದರೆ ಹೆಸರು ಮುಚ್ಚಿಟ್ಟು ಏನು ಬಂತು? ಅಂಥ ಕಡೆ ನಾಲ್ಕಾರು ಕಸುಬುಗಳನ್ನು ಕೂಡಿಸಿ ಒಂದೇ ಲೆಕ್ಕದಲ್ಲಿ ಹಾಕಬೇಕು.

ಶ್ರೀನಿವಾಸರ ಇನ್ನೊಂದು ಸಂಗತಿ ಹೇಳದಿದ್ದರೆ ಮನಸ್ಸು ಕೇಳದು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು, ಮೂರು ಪ್ರತಿಗಳೂ, ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಗಿ ಜಗತ್ತಿಗೇ ಹೆಸರಾಯಿತು. ಎಲ್ಲರೂ ಶ್ರೀನಿವಾಸರಲ್ಲ. ಅಂದು ಕೇಳಿದ್ದನ್ನು ಅಂದೇ ಸಂಜೆ ಬರೆದಿಡಿ, ಒಂದು ಪ್ರತಿ ಶಾಲೆಯ ಕಪಾಟಿನಲ್ಲಿರಲಿ.

ಏನನ್ನು ಎಣಿಸಬೇಕು ಎಂಬುದಕ್ಕೆ ಮಂಡ್ಯದ ಎರಡು ಹಳ್ಳಿಗಳ ಕಥೆ ಕೇಳಿ. 1950ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಅಲ್ಲಿದ್ದು ಅಧ್ಯಯನ ಮಾಡಿದರು. ‘ವಂಗಲ’ಕ್ಕೆ ಕಾಲುವೆ ನೀರು ಬಂತು, ಕಬ್ಬು ಬಂತು. ‘ದಲೇನ’ ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ. ನೀರಾವರಿ ಎಕರೆ ಎಣಿಸಿದರೆ ದಲೇನ ಹಿಂದೆ ಬಿದ್ದ ಊರು. ಆದರೆ ಅಲ್ಲಿಯವರು ಸುಮ್ಮನೆ ಕೂರಲಿಲ್ಲ. ಮಂಡ್ಯದಲ್ಲಿ ನೌಕರಿ ಹಿಡಿದರು, ಪಕ್ಕದ ನೀರಾವರಿ ಊರುಗಳಲ್ಲಿ ಹೊಲ ಕೊಂಡರು, ಸಣ್ಣಪುಟ್ಟ ಉದ್ಯಮ ಹೂಡಿದರು. ವಂಗಲದಲ್ಲಿ ದುಡ್ಡು ಹೆಚ್ಚಿದರೂ ಹಳೆಯ ಸಂಬಂಧಗಳು ಬಹಳ ಮಟ್ಟಿಗೆ ಹಾಗೆಯೇ ಉಳಿದವು, ದಲೇನದಲ್ಲಿ ಹೆಚ್ಚು ಬದಲಾದವು. ನಮ್ಮಲ್ಲಿಯೂ ಸಿಮೆಂಟ್ ಕಾರ್ಖಾನೆಗೆ ಹೋಗುವ ಊರು, ಖಣಿಗೆ ಹೋಗುವ ಊರು, ಹೊಲವನ್ನೇ ನಂಬಿದ ಊರು ಪಕ್ಕಪಕ್ಕದಲ್ಲಿವೆ. ಎಕರೆ ಮಾತ್ರ ಕೇಳಿದರೆ ಇದ್ಯಾವುದೂ ಕಾಣದು.

ಇನ್ನು ಸರಾಸರಿ. ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ತಲಾ 2 ಎಕರೆ, ಒಂದಕ್ಕೆ 52 ಎಕರೆ ಇದ್ದರೆ ಸರಾಸರಿ 7 ಎಕರೆ. ಏಳು ಎಕರೆಯವನು ಊರಿನಲ್ಲಿ ಒಬ್ಬನೂ ಇಲ್ಲ! ಮನೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದರೆ 2 ಎಕರೆ ಎಂಬ ನಿಜ ಸಿಗುತ್ತದೆ. ಇದನ್ನು ಮಧ್ಯಾಂಕ ಎನ್ನುತ್ತಾರೆ, ಹತ್ತನೆಯ ತರಗತಿಯ ಗಣಿತದಲ್ಲಿ ಇದೆ. ಲೆಕ್ಕ ಮಾಡಿ ಅಂಕ ಪಡೆಯುವ ಮಕ್ಕಳು ಅದನ್ನು ತಮ್ಮ ಊರಿಗೆ ಹಚ್ಚಿ ನೋಡುವುದಿಲ್ಲ.

ಈ ಸರಾಸರಿ ಬರೀ ಪರೀಕ್ಷೆಯ ಮಾತಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಸಾಕ್ಷರತೆ, ರಸ್ತೆ, ವೈದ್ಯರು, ಬ್ಯಾಂಕು ಇಂಥ 35 ಸೂಚಕಗಳಿಂದ ಅಳೆಯಿತು. 114 ತಾಲ್ಲೂಕು ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿವೆ. ಈ ಭಾಗಕ್ಕೆ ಬಂದ ವಿಶೇಷ ಹಣಕ್ಕೆ, 2013ರಿಂದ ಜಾರಿಗೆ ಬಂದ 371(ಜೆ) ಕಲಮಿನ ಕೂಗಿಗೆ ಆ ಅಂಕಿಗಳು ಬಲ ಕೊಟ್ಟವು. ನಮ್ಮ ಮಕ್ಕಳು ಇಂದು ಮೀಸಲು ಸೀಟು ಕೇಳುವುದರ ಹಿಂದೆ ಯಾರೋ ಮನೆಮನೆಗೆ ಹೋಗಿ ಬರೆದುಕೊಂಡ ಲೆಕ್ಕವೂ ಇದೆ. ಆದರೆ ನೋಡಿ, ಆಗ ವಾಡಿ, ಶಹಾಬಾದ್ ಎರಡೂ ಚಿತ್ತಾಪುರ ತಾಲ್ಲೂಕಿನಲ್ಲಿದ್ದವು. ದೇಶಕ್ಕೆಲ್ಲ ಸಿಮೆಂಟು, ನೆಲಹಾಸಿನ ಕಲ್ಲು ಕಳಿಸುವ ತಾಲ್ಲೂಕೇ ಅತ್ಯಂತ ಹಿಂದುಳಿದದ್ದು! ಕಾರ್ಖಾನೆಯ ಕಾಲೊನಿಯ ಮನೆಯೂ ಅದರಾಚೆಯ ಗುಡಿಸಲೂ ಒಂದೇ ಅಂಕಿಯೊಳಗೆ ಸೇರಿದ್ದವು. ತಾಲ್ಲೂಕಿನ ಅಂಕಿ ಬೆಂಗಳೂರಿಗೆ ಸಾಕು. ಊರಿನವರಿಗೆ ಓಣಿಯ ಅಂಕಿ ಬೇಕು. ಅದನ್ನು ಮಾಡಲು ಶಾಲೆಯ ಮಕ್ಕಳಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ.

ಕೊನೆಗೆ, ಸಿಕ್ಕಿದ್ದನ್ನು ಊರಿಗೆ ಹೇಳುವ ಕೆಲಸ. ಇದರ ದಾರಿಯೂ ನಮ್ಮ ಜಿಲ್ಲೆಯಲ್ಲೇ ಇದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ, ರಾಜ್ಯ ಸರ್ಕಾರ, ಸ್ವಿಟ್ಜರ್ಲೆಂಡಿನ ನೆರವು ಸೇರಿ ಗುಲ್ಬರ್ಗಾದಲ್ಲಿ ‘ಪಿಡೋ’ ಎಂಬ ಜಲಾನಯನ ಯೋಜನೆ ನಡೆಸಿದರು. ಮೈರಾಡ ಆ ಕಾಲದಲ್ಲಿ ತಾನು ಕೆಲಸ ಮಾಡುವ ಹಳ್ಳಿಗಳಲ್ಲಿ ಒಂದು ಹೊಸ ರೂಢಿ ಹಾಕಿತು. ಅಧಿಕಾರಿ ನಕ್ಷೆ ತರುವ ಬದಲು ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲು, ಕಡ್ಡಿಗಳಿಂದ ತಮ್ಮ ಊರನ್ನು ಬಿಡಿಸಬೇಕು. ಅಕ್ಷರ ಬಾರದವರೂ ಬಗ್ಗಿ ‘ಇಲ್ಲಿ ಹಳ್ಳ ತಪ್ಪಿದೆ’ ಎಂದು ತಿದ್ದಬಹುದು. ರಾಬರ್ಟ್ ಚೇಂಬರ್ಸ್ ಮುಂತಾದವರ ಬರಹಗಳಿಂದ ಈ ಪದ್ಧತಿ ಲೋಕದಾದ್ಯಂತ ಹರಡಿತು. ಶಾಲೆಯಲ್ಲಿ ಇದನ್ನು ಮಾಡಲು ಅಂಗಳ ಒಂದಿದ್ದರೆ ಆಯಿತು. ಮನೆಗೊಂದು ಹರಳು, ಗುಳೆ ಹೋದವರಿಗೆ ಒಂದೊಂದು ತೊಗರಿ ಕಾಳು. ಕಟ್ಟೆಯ ಮೇಲಿನ ಹಿರಿಯರು ತಾವಾಗಿ ಎದ್ದು ಬಂದು ನೋಡುತ್ತಾರೆ, ತಪ್ಪು ತೋರಿಸುತ್ತಾರೆ. ಆ ತಿದ್ದುಪಡಿ ಪಡೆದ ಮೇಲೆಯೇ ವರದಿ ಬರೆಯಬೇಕು.

ವರದಿಯಲ್ಲಿ ಎಂದೂ ಬರೆಯಬಾರದ ಕೆಲವು ಮಾತುಗಳಿವೆ. ಯಾವುದೋ ಮನೆಯಲ್ಲಿ ಶಾಲೆ ಬಿಟ್ಟ ಹುಡುಗಿಗೆ ಮದುವೆ ಗೊತ್ತಾಗಿದೆ ಎಂದು ಮಕ್ಕಳಿಗೆ ತಿಳಿದರೆ ಅದನ್ನು ಸಭೆಯಲ್ಲಿ ಓದಬಾರದು, ಬಚ್ಚಿಡಲೂಬಾರದು. ನೇರವಾಗಿ ಶಿಕ್ಷಕರಿಗೆ ಹೇಳಬೇಕು. ಶಿಕ್ಷಕರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ಮಕ್ಕಳನ್ನು ಕಳಿಸುವ ಮುನ್ನವೇ ಇದನ್ನು ಅವರಿಗೆ ಸ್ಪಷ್ಟವಾಗಿ ಹೇಳಿರಬೇಕು.

ಉಳಿದದ್ದನ್ನು ಓದಲು ಜಾಗ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ನವೆಂಬರಿನ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಬಹಳ ಕಡೆ ಮಾಲೆ, ಭಾಷಣ, ಬಿಸ್ಕೀಟಿನಲ್ಲಿ ಅದು ಮುಗಿಯುತ್ತದೆ. ಮಾತಾಡುವ ಮಗುವಿಗೆ ಸಿಗುವುದು ಮೂರು ನಾಲ್ಕು ನಿಮಿಷ. ಆದ್ದರಿಂದ ಒಂದೇ ಹಾಳೆ ಸಾಕು: ಎಷ್ಟು ಮನೆಗೆ ಹೋದೆವು, ಎಷ್ಟಕ್ಕೆ ಬೀಗವಿತ್ತು, ಎಷ್ಟು ಜನ ಒಲ್ಲೆ ಎಂದರು, ಏನು ಕಂಡೆವು, ಏನು ಕೇಳುತ್ತಿದ್ದೇವೆ. ದೊಡ್ಡ ಅಕ್ಷರದಲ್ಲಿ ಬರೆದು ಎರಡು ಪ್ರತಿ ಮಾಡಿ. ಒಂದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಹಾಕಿಸಿ, ಸ್ವೀಕರಿಸಿದೆ ಎಂಬ ಸಹಿ ಪಡೆದುಕೊಂಡು ಬನ್ನಿ.